ಯಾಕೊಬಜ್ಜನ ದಕ್ಷಿಣದ ಗೋಡೆ

ಬ್ರೆಜಿಲಿನ ನಮ್ಮ ಕೊಲಿಬ್ರಿ ಕಣಿವೆಯಲ್ಲಿ ಮದುವೆಯಾಗಬೇಕೆನ್ನುವ ಗಂಡು ಮೊದಲು ಪಾದ್ರಿಯ ಹತ್ತಿರ ಹೋಗುವಂತಿಲ್ಲ, ಸೌದೆಯ ಹತ್ತಿರ ಹೋಗಬೇಕು. ಡಿಸೆಂಬರಿನ ಉರಿಬಿಸಿಲಲ್ಲಿ ಹುಡುಗಿಯ ಮನೆಯ ದಕ್ಷಿಣದ ಗೋಡೆಗೆ ಅಕೇಶಿಯಾ ಸೌದೆಯನ್ನು ಸೂರು ಮುಟ್ಟುವ ಹಾಗೆ ಒಟ್ಟಬೇಕು. ಆಮೇಲೆ ಜೂನ್ ಚಳಿಯವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾದ ಮೊದಲ ಬೆಳಿಗ್ಗೆ ಮನೆಯ ಹಿರಿಯಜ್ಜಿ ಆ ಒಟ್ಟಿಲಿನ ನಡುವಿನಿಂದ ಸೌದೆ ತೆಗೆಸಿ ಒಲೆ ಹಚ್ಚುತ್ತಾಳೆ. ಕಾಫಿ ಕುದಿಯುವುದರೊಳಗೆ ಹೊಗೆಗೆ ಅಜ್ಜಿಯ ಕಣ್ಣಲ್ಲಿ ನೀರು ಬಂತೋ, ಸಂಬಂಧ ಮುರಿಯಿತು. ಬರಲಿಲ್ಲವೋ, ಹುಡುಗನನ್ನು ಒಳಗೆ ಕರೆಯುತ್ತಾರೆ.

ಈ ಪದ್ಧತಿಯನ್ನು ಹಾಕಿಕೊಟ್ಟವನು ನಮ್ಮ ಮೂಲಪುರುಷ ಯಾಕೊಬ್ ಮೊಸ್ಮನ್. ಅವನ ಕಥೆಯನ್ನು ನಮ್ಮಜ್ಜಿ ಓಮಾ ನನಗೆ ಹಾಲಿನ ಜೊತೆಗೇ ಕುಡಿಸಿದ್ದಾಳೆ. ಜರ್ಮನಿಯ ಯಾವುದೋ ಬೆಟ್ಟದ ಹಳ್ಳಿಯಿಂದ ಯಾಕೊಬಜ್ಜ ಒಂದು ಗಡಿಯಾರ, ಎಲೆಕೋಸಿನ ಬೀಜದ ಗಂಟು ಮತ್ತು ಹೆಂಡತಿ ಮಾರ್ಗರೇತಳೊಂದಿಗೆ ಹಡಗು ಹತ್ತಿದ. ಬ್ರೆಜಿಲಿನ ಕಾಡಲ್ಲಿ ಹೊಳೆ ಹಿಡಿದು ನಡೆದ. ಎಲ್ಲಿ ಮಾರ್ಗರೇತ "ಇನ್ನೊಂದು ಹೆಜ್ಜೆ ಇಡೋಳಲ್ಲ ನಾನು" ಎಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳೋ ಅಲ್ಲಿ ಊರಾಯಿತು. ಬಂದದ್ದು ಡಿಸೆಂಬರಿನಲ್ಲಿ. ಡಿಸೆಂಬರ್ ಎಂದರೆ ಹಿಮ ಬೀಳುವ ಕಾಲ ಎಂದು ಯಾಕೊಬಜ್ಜ ಬೆವರು ಒರೆಸಿಕೊಳ್ಳುತ್ತ ಸೌದೆ ಒಟ್ಟಿದ. ಹಿಮ ಬರಲಿಲ್ಲ. "ತಡವಾಗಿದೆ," ಎಂದ. ಹಳೆಯ ದೇಶದಲ್ಲಿ ಅವರಪ್ಪ ದಕ್ಷಿಣದ ಗೋಡೆಗೆ ಒಟ್ಟುತ್ತಿದ್ದನಂತೆ, ಅಲ್ಲಿ ಬಿಸಿಲು ಬೀಳುವುದು ಆ ಗೋಡೆಗೆ. ಇಲ್ಲಿ ಸೂರ್ಯ ಉತ್ತರಕ್ಕೆ ವಾಲಿಕೊಂಡು ಹೋಗುತ್ತಾನೆ, ದಕ್ಷಿಣದ ಗೋಡೆ ವರ್ಷವಿಡೀ ನೆರಳಲ್ಲಿ ಬೆವರುತ್ತದೆ. ಸೌದೆಗೆ ಪಾಚಿ ಹತ್ತಿತು, ಅಣಬೆ ಎದ್ದಿತು. ಯಾಕೊಬಜ್ಜ ಗೋಡೆಯನ್ನು ಅನುಮಾನಿಸಲಿಲ್ಲ. "ಈ ದೇಶದ ಮರಕ್ಕೆ ಶಿಸ್ತಿಲ್ಲ," ಎಂದುಬಿಟ್ಟ.

ಅಂದಿನಿಂದ ಇಡೀ ಕಣಿವೆಯ ಸೌದೆ, ಮದುವೆಯ ಪರೀಕ್ಷೆಯದೂ ಸೇರಿ, ದಕ್ಷಿಣದ ಗೋಡೆಗೇ. ಹೆಂಗಸರೆಲ್ಲ ಬಟ್ಟೆ ಒಣಗಿಸುವುದು ಮಾತ್ರ ಉತ್ತರಕ್ಕೆ. ಬಟ್ಟೆಯ ಬುದ್ಧಿಯನ್ನು ಸೌದೆಗೆ ದಾಟಿಸುವುದು ಯಾರಿಗೂ ಹೊಳೆಯಲಿಲ್ಲ. ಪೇಟೆಯ ಅಂಗಡಿಯವರು ನಮ್ಮನ್ನು ಕೆಂಪು ಕಣ್ಣು ನೋಡಿಯೇ ಗುರುತು ಹಿಡಿಯುತ್ತಾರೆ.

ಹಾಗಾದರೆ ನಮ್ಮಲ್ಲಿ ಮದುವೆಗಳು ಆದದ್ದಾದರೂ ಹೇಗೆ? ಹುಡುಗ ಹಿಡಿಸಿದರೆ ಅಜ್ಜಿಯಂದಿರು ಒಲೆಯಿಂದ ದೂರ ಕೂತು, ಕಣ್ಣು ಪಿಳುಕಿಸದೆ, ಕೆನ್ನೆ ಒದ್ದೆಯಾದರೆ "ಬೆವರು ಕಣೇ" ಎನ್ನುತ್ತಿದ್ದರು. ಹಿಡಿಸದಿದ್ದರೆ ಮುಖವನ್ನು ಒಲೆಯ ಬಾಯಿಗೇ ಕೊಡುತ್ತಿದ್ದರು.

ನನ್ನ ಅಕ್ಕ ನೆಲ್ಡಾ ಮನಸ್ಸು ಕೊಟ್ಟದ್ದು ಗುಡ್ಡದಾಚೆಯ ಇಟಲಿಯವರ ಹುಡುಗ ದೊರ್ವಾಲಿನೊಗೆ. ದ್ರಾಕ್ಷಿ ಬೆಳೆಯುವವರು, ಮೆಕ್ಕೆಜೋಳದ ಮುದ್ದೆ ತಿನ್ನುವವರು, ಅದರ ಮೇಲೆ ಪ್ರೊಟೆಸ್ಟೆಂಟರಾದ ನಮಗೆ ಆಗದ ಕ್ಯಾಥೊಲಿಕರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾತು ಓಮಾಳದು, ಒಗ್ಗರಣೆ ರೈನೋಲ್ಡ್ ಚಿಕ್ಕಪ್ಪನದು. ಓಮಾ ಒಲ್ಲೆನೆಂದರೆ ದೊರ್ವಾಲಿನೊ ಅಣ್ಣಂದಿರ ಜೊತೆ ದೂರದ ಪರಾನಾಕ್ಕೆ ಹೊಸ ಜಮೀನು ಹುಡುಕಿಕೊಂಡು ಹೊರಟುಬಿಡುವವನಿದ್ದ.

ಡಿಸೆಂಬರಿನಲ್ಲಿ ಅವನು ಎತ್ತಿನ ಗಾಡಿ ತುಂಬ ಸೌದೆ ತಂದ. ತಂದವನು ಮನೆಯನ್ನು ಒಂದು ಸುತ್ತು ಹಾಕಿ, ಉತ್ತರದ ಕಡೆ, ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಒಟ್ಟತೊಡಗಿದ. ಚಿಕ್ಕಪ್ಪ ಸೋರೆಬುರುಡೆಯಿಂದ ಮಾತೆ ಎಂಬ ಎಲೆಯ ಕಹಿ ಕಷಾಯ ಹೀರುತ್ತ ಓಡಿ ಬಂದ.

"ಏಯ್ ಮುದ್ದೆ, ದಕ್ಷಿಣ ಯಾವ್ದು ಅಂತ ನಿಮ್ಮ ಪಾದ್ರಿ ಹೇಳ್ಕೊಟ್ಟಿಲ್ವೇನೋ?"

"ಗೊತ್ತು ರೈನೋಲ್ಡಣ್ಣ. ಆ ಕಡೆ ಬರೀ ಗೋಡೆ. ಈ ಕಡೆ ಕಿಟಕಿ ಇದೆ."

"ಸೌದೆಗೆ ಯಾಕೋ ಕಿಟಕಿ?"

"ಸೌದೆಗಲ್ಲ. ನಂಗೆ."

ಕಿಟಕಿಯೊಳಗೆ ಆಲೂಗಡ್ಡೆ ಸುಲಿಯುತ್ತಿದ್ದ ನೆಲ್ಡಾ ನಗು ತಡೆಯಲಾರದೆ ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡಳು. ಓಮಾ ಒದ್ದೆ ಹೊದಿಕೆಗಳನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

"ನನ್ ಬಟ್ಟೆ ಜಾಗ ಇದು. ಇನ್ನೆಲ್ಲಿ ಒಣಹಾಕ್ಲಿ? ನಿನ್ ತಲೆ ಮೇಲಾ?"

"ಹಾಕಿ ಓಮಾ. ಇವತ್ತು ಟೋಪಿನೂ ಮರ್ತು ಬಂದಿದೀನಿ."

"ಅಮ್ಮಾ, ಕೆಡವಿಸ್ಲಾ?" ಎಂದ ಚಿಕ್ಕಪ್ಪ.

"ಇರ್ಲಿ ಬಿಡು. ಜೂನ್ ಬರ್ಲಿ, ಒಲೆ ಹೇಳತ್ತೆ," ಎಂದಳು ಓಮಾ. ಸಂಜೆ ನನ್ನ ಹತ್ತಿರ ಮಾತ್ರ ಬಾಯಿ ಬಿಟ್ಟಳು: "ನಂಗೆ ಅವ್ನು ಬೇಡ ಕಣೇ. ನೆಲ್ಡಾ ಗುಡ್ಡ ದಾಟಿದ್ರೆ ನನ್ ತಲೆ ಬಾಚೋರ್ಯಾರು? ನೀನಾ? ಅರ್ಧ ಬಾಚಿ, ಮೋಡ ನೋಡ್ತಾ ನಿಂತ್ಬಿಡ್ತೀಯ."

ಆ ಚಳಿಗಾಲದ ಮೊದಲ ಬಿಳಿ ಬೆಳಿಗ್ಗೆ ಚಿಕ್ಕಪ್ಪ ಇಗರ್ಜಿಗೆ ಹಾಕುವ ಕೋಟು ತೊಟ್ಟು ಬಂದ. ನೆಲ್ಡಾ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಸಕ್ಕರೆಯೆಂದು ಹಾಲಿಗೆ ಉಪ್ಪು ಹಾಕಿಟ್ಟಿದ್ದಳು. ದೊರ್ವಾಲಿನೊ ಪದ್ಧತಿಯಂತೆ ಹೊರಗೆ, ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಓಮಾ ಕುರ್ಚಿಯನ್ನು ಒಲೆಯ ಬಾಯಿಗೇ ಎಳೆದುಕೊಂಡಾಗ ಅಕ್ಕನ ಮುಖ ಬಿಳಿಚಿತು. ಅದರ ಅರ್ಥ ನಮಗೆಲ್ಲ ಗೊತ್ತಿತ್ತು.

ಒಂದೇ ಕಡ್ಡಿಗೆ ಸೌದೆ ಚಟಪಟನೆ ಹತ್ತಿಕೊಂಡಿತು. ಓಮಾ ಬಗ್ಗಿದಳು. ಹೊಗೆಯಿಲ್ಲ. ಇನ್ನೂ ಬಗ್ಗಿದಳು. ಹುಬ್ಬು ಕಾದಿತೇ ಹೊರತು ಕಣ್ಣು ಉರಿಯಲಿಲ್ಲ. ಹೊಗೆಕೊಳವೆಯ ಮುಚ್ಚಳ ಹಾಕಿ ನೋಡಿದಳು, ತೆಗೆದು ನೋಡಿದಳು. ಚಿಕ್ಕಪ್ಪ ಸಹಾಯಕ್ಕೆಂದು ಊದಿದ. ಬೆಂಕಿ ಇನ್ನೂ ಚೆನ್ನಾಗಿ ಉರಿಯಿತು.

"ಹೋಗೇ, ದಕ್ಷಿಣದ ಒಟ್ಟಿಲಿಂದ ನಮ್ದೊಂದು ತುಂಡು ತಾ," ಎಂದಳು ನನಗೆ.

ತಂದುಕೊಟ್ಟೆ. ಓಮಾಳ ಒಂದು ಕೈಯಲ್ಲಿ ದೊರ್ವಾಲಿನೊನ ಸೌದೆ, ಇನ್ನೊಂದು ಕೈಯಲ್ಲಿ ನಮ್ಮದು. ಒಂದೇ ಕಾಡಿನ ಮರ, ಒಂದೇ ಬೇಸಿಗೆಯಲ್ಲಿ ಕಡಿದದ್ದು. ಅವನದು ಬೆಂಡಿನಷ್ಟು ಹಗುರ. ನಮ್ಮದರ ಪಾಚಿಯಿಂದ ನೀರು ಓಮಾಳ ಮಣಿಕಟ್ಟಿಗೆ ಇಳಿಯುತ್ತಿತ್ತು. ಅವಳು ಕಿಟಕಿಯಾಚೆಯ ಬಿಸಿಲನ್ನು ಬಹಳ ಹೊತ್ತು ನೋಡುತ್ತ ಕೂತಳು. ಆಮೇಲೆ ಅವಳ ಕಣ್ಣು ತುಂಬಿ ಬಂತು.

"ಬಂತು! ಕಣ್ಣೀರ್ ಬಂತು!" ಚಿಕ್ಕಪ್ಪ ಮೇಜು ಗುದ್ದಿದ. ನೆಲ್ಡಾ ಗೋಡೆಗೆ ಒರಗಿದಳು. ಗಾಜಿನಾಚೆಯ ಮೂಗು ಮೆಲ್ಲಗೆ ಹಿಂದೆ ಸರಿಯಿತು.

"ಹೊಗೆ ಎಲ್ಲೋ?" ಎಂದಳು ಓಮಾ.

"ಹೊಗೆ ಯಾಕಮ್ಮ? ಕಣ್ಣೀರಿದ್ಯಲ್ಲ. ಪದ್ಧತಿ ಅಂದ್ರೆ ಪದ್ಧತಿ."

"ಎಡ್ವಿನೊ ಅಂತ ಒಬ್ಬ ಇದಾನಲ್ಲ, ಗಿರಣಿಯವ್ನು."

ಓಮಾಳ ಕಥೆಗಳೆಲ್ಲ ನನಗೆ ಬಾಯಿಪಾಠ. ಇದು ಮಾತ್ರ ನಾನು ಕೇಳಿರದ ಕಥೆ.

"ನಿಮ್ಮಪ್ಪನಿಗಿಂತ ಮುಂಚೆ ನಂಗೆ ಸೌದೆ ಒಟ್ಟಿದ್ದೋನು ಅವ್ನು. ಸೂಜಿ ತೂರಬಾರ್ದು ಹಾಗೆ ಒಟ್ಟಿದ್ದ. ನಮ್ಮಜ್ಜಿ ಕಣ್ಣೊರೆಸ್ಕೊಂಡ್ಲು. ಸೋಮಾರಿ, ಹಸಿ ಸೌದೆ ತಂದಿದಾನೆ ಅಂದ್ರು. ನಾನೂ ನಂಬ್ದೆ ಕಣೋ. ಹಿಟ್ಟಿಗೆ ಹೋದಾಗ್ಲೆಲ್ಲ ಅವನ ಮುಖ ನೋಡಿ ಸೋಮಾರಿ ಅಂತ್ಲೇ ಅಂದ್ಕೊಂಡೆ. ಸೌದೆ ಒಣಗೇ ಇತ್ತೇನೋ. ಕೆಡಿಸಿದ್ದು ಗೋಡೆ."

ಚಿಕ್ಕಪ್ಪನ ದನಿ ಇಳಿಯಿತು. "ಮತ್ತೆ ನಮ್ಮಪ್ಪನ ಸೌದೆ?"

"ಅದ್ರಲ್ಲೂ ಹೊಗೆ ಬಂತು. ನಮ್ಮಜ್ಜಿಗೆ ಅವನ ಹಸು ಇಷ್ಟ ಆಗಿತ್ತು." ಮಗನ ಮುಖ ನೋಡಿ ಸೇರಿಸಿದಳು, "ಒಳ್ಳೆಯವ್ರೇ ಬಿಡು ನಿಮ್ಮಪ್ಪ. ಗೊರಕೆ ಒಂದು ಬಿಟ್ರೆ."

"ಹಾಗಾದ್ರೆ... ಯಾಕೊಬಜ್ಜ ತಪ್ಪು ಅಂತೀಯಾ?"

"ಯಾಕೊಬಜ್ಜ ಸತ್ತಿದಾನೆ. ನೆಲ್ಡಾ ಇನ್ನೂ ಬದುಕಬೇಕು." ಓಮಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಈ ಕಣ್ಣೀರು ಎಡ್ವಿನೊಂದು. ಈ ಹುಡುಗನ್ ಸೌದೆಗೆ ನಂಗೆ ಒಂದು ಹನಿನೂ ಬಂದಿಲ್ಲ. ಕರಿ ಅವ್ನನ್ನ."

ಕರೆಯಲು ನೆಲ್ಡಾ ಬಾಗಿಲವರೆಗೂ ಹೋಗಲಿಲ್ಲ. ಕಿಟಕಿ ತೆರೆದು ಅವನ ಕೊರಳಪಟ್ಟಿಯನ್ನೇ ಹಿಡಿದಳು.

"ಬಾಗಿಲಿಂದ ಬಾರೋ, ಕಳ್ಳ!" ಎಂದು ಕೂಗಿ ಓಮಾ ಎದ್ದಳು. ಅವನು ಒಳಗೆ ಬರುತ್ತಿದ್ದಂತೆ ಗೂಟದಿಂದ ಕೋಟು ಎಳೆದುಕೊಂಡಳು. "ಕೂತ್ಕೋಬೇಡ. ಗಾಡಿ ಹೂಡು. ನಂಗೆ ಗಿರಣಿಗೆ ಹೋಗ್ಬೇಕು."

"ಅಮ್ಮಾ, ಅವನಿಗೀಗ ಎಂಬತ್ತು ದಾಟಿದೆ!" ಎಂದ ಚಿಕ್ಕಪ್ಪ.

"ಕಿವಿ ಕೇಳಿಸತ್ತೆ ತಾನೆ? ನೀನು ಸೋಮಾರಿ ಅಲ್ಲ ಅಂತ ಒಂದ್ ಮಾತು ಹೇಳಿ ಬರ್ತೀನಿ."

ಹೊಸದಾಗಿ ಒಪ್ಪಿಗೆಯಾದ ಗಂಡು ಹೆಣ್ಣು ಅಕ್ಕಪಕ್ಕ ಕೂತು ಊರಿನ ನಡುವೆ ಹಾದುಹೋಗುವುದೆಂದರೆ ನಮ್ಮಲ್ಲಿ ದೊಡ್ಡ ನೋಟ. ಅವತ್ತು ಜನ ಬೇಲಿಯ ಹತ್ತಿರ ಬಂದು ನೋಡಿದರು. ದೊರ್ವಾಲಿನೊ ಒಂದು ತುದಿಯಲ್ಲಿ, ನೆಲ್ಡಾ ಇನ್ನೊಂದು ತುದಿಯಲ್ಲಿ. ನಡುವೆ, ತೊಡೆಯ ಮೇಲೆ ಒಂದು ಒಣ ಸೌದೆ ಇಟ್ಟುಕೊಂಡು, ನೆಟ್ಟಗೆ ಕೂತ ಓಮಾ.