ಅಂಚಿಲ್ಲದ ಸೀರೆ

ನಮ್ಮೂರಿನಲ್ಲಿ ಯಾರಾದರೂ ಹೊಸ ಸೀರೆ ಉಟ್ಟು ಹೊರಗೆ ಬಂದರೆ ನಿಭಾ ಪಿಶಿ ಮೊದಲು ನೋಡುತ್ತಿದ್ದುದು ಅಂಚನ್ನು. ಆಮೇಲೆ ಒಂದೇ ಮಾತು ಕೇಳುತ್ತಿದ್ದಳು, "ಇದು ಯಾವಾಗ ಹರಿಯುತ್ತೆ?" ಪಿಶಿಯ ಕಣ್ಣು ಬಿದ್ದ ಸೀರೆ ಆರು ತಿಂಗಳು ಬಾಳುವುದಿಲ್ಲ ಎಂದು ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಹರಿದ ಮೇಲೆ ಅವರೇ ಕರೆದು ಕೊಡುತ್ತಿದ್ದರು.

ಪಿಶಿ ಅಂದರೆ ನಮ್ಮ ಬಂಗಾಳದಲ್ಲಿ ಸೋದರತ್ತೆ, ನಿಭಾ ನನ್ನ ಅಪ್ಪನ ತಂಗಿ. ಹದಿನಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಂದಿನಿಂದ ಅವಳ ಮೈಮೇಲೆ ಥಾನ್, ಅಂದರೆ ಅಂಚಿಲ್ಲದ ಬಿಳಿ ಸೀರೆ. ಕೌದಿ ಹೊಲಿಯುವುದರಲ್ಲಿ ಅಜಯ ನದಿಯ ಈಚೆ ದಡದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಕೌದಿಯ ನೂಲನ್ನು ಅಂಗಡಿಯಿಂದ ಯಾರೂ ತರುವುದಿಲ್ಲ, ಅದು ಹಳೆಯ ಸೀರೆಯ ಬಣ್ಣದ ಅಂಚಿನಿಂದ ಬರಬೇಕು. ಅಂಚು ಕತ್ತರಿಸಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎಳೆ ಎಳೆಯಾಗಿ ಬಿಡಿಸಿ, ಸೀಸದಕಡ್ಡಿಯ ತುಂಡಿಗೆ ಸುತ್ತಬೇಕು. ವಿಧವೆಯ ಸೀರೆಗೆ ಅಂಚೇ ಇಲ್ಲ. ಹಾಗಾಗಿ ಅಂಥ ಕೈಯವಳು ಒಂದೊಂದು ಎಳೆ ನೂಲಿಗೂ ಬೇರೆಯವರ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತು. ದೇವರಿಗೆ ಇಂಥ ತಮಾಷೆಗಳು ಇಷ್ಟವಿರಬಹುದು, ನನಗಿಲ್ಲ.

ಸೂಜಿ ಹಿಡಿಯುವುದನ್ನು ನನಗೆ ಕಲಿಸಿದವಳೂ ಅವಳೇ. ಎಂಟು ವರ್ಷದವಳಿದ್ದಾಗ ಅಮ್ಮನ ಕೆಂಪಂಚಿನ ಬಿಳಿ ಸೀರೆಯ ಮೇಲೆ ಒಲೆಯ ಕೆಂಡ ಬೀಳಿಸಿ ತೂತು ಮಾಡಿದ್ದೆ. ಪಿಶಿ ಬೈಯಲಿಲ್ಲ. ಕೈಗೆ ಸಿಕ್ಕ ನೀಲಿ ನೂಲನ್ನು ಪೋಣಿಸಿ ಕೊಟ್ಟು, ಸುಟ್ಟವಳೇ ಹೊಲಿ ಅಂದಳು. ನಾನು ಹೊಲಿದದ್ದು ಕಾಗೆಯ ಕಾಲಿನಂತೆ ಮೂರು ಕಡೆ ಚಾಚಿಕೊಂಡಿತು. ಅಮ್ಮ ನಕ್ಕು, ಸಾಯುವವರೆಗೂ ಆ ಸೀರೆಯನ್ನು ಹಬ್ಬಕ್ಕೆ ಉಟ್ಟಳು. ಅಮ್ಮ ಸತ್ತದ್ದು ನನಗೆ ಹತ್ತಾಗಿದ್ದಾಗ, ಹಣೆಯಲ್ಲಿ ಸಿಂಧೂರ ಇಟ್ಟುಕೊಂಡೇ. ಊರವರು ಪುಣ್ಯವಂತೆ ಎಂದರು. ಆಮೇಲೆ ನನ್ನನ್ನು ಬೆಳೆಸಿದವಳು ಪಿಶಿ.

ಕಾಟ್ವಾದ ಮನೆಗೆ ಸೊಸೆಯಾಗಿ ಹೋಗಿ, ಮೂರನೇ ವರ್ಷ ಬಸುರಾದೆ. ಹುಟ್ಟುವ ಮಗುವಿಗೆ ಹೊಸ ಬಟ್ಟೆ ತಾಗಿಸಬಾರದು, ಹಳೆಯ ಸೀರೆಯ ಕೌದಿಯಲ್ಲೇ ಸುತ್ತಬೇಕು. ಪಿಶಿಯೇ ಹೊಲಿಯಲಿ ಎಂದು ನಾನು ಹಟ ಹಿಡಿದೆ. ಅತ್ತೆ ಬಹಳ ಯೋಚನೆ ಮಾಡಿ ಒಪ್ಪಿದರು, ಆದರೆ ವಿಧವೆಯ ಬಟ್ಟೆಯ ಒಂದು ಚೂರೂ ಅದರಲ್ಲಿ ಇರಕೂಡದು ಎಂದರು. ಆ ಮಾತನ್ನು ಪಿಶಿಗೆ ಹೇಳಲು ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ. "ನನಗೆ ಅಷ್ಟೂ ತಿಳಿಯಲ್ವೇನೆ, ಟೆಪಿ?" ಅಂದಳು. ಮನೆಯಲ್ಲಿ ನನ್ನ ಹೆಸರು ಅದೇ.

ಕೌದಿ ಬಂತು. ಮೇಲೆ ಕೆಳಗೆ ಹೂವಿನ ಅಚ್ಚಿನ ಸೀರೆ, ಉದ್ದಕ್ಕೂ ಕೆಂಪು ನೂಲಿನ ಸಣ್ಣ ಸಣ್ಣ ಹೊಲಿಗೆ, ನಡುವೆ ಕಮಲ, ನಾಲ್ಕು ಮೂಲೆಗೆ ನಾಲ್ಕು ಮೀನು. ಅಷ್ಟು ಕೆಂಪನ್ನು ಒಂದೇ ಕೌದಿಯಲ್ಲಿ ನಾನು ನೋಡಿರಲಿಲ್ಲ. ಎಷ್ಟು ಮನೆ ತಿರುಗಿದಳೋ ಪಾಪ ಅಂದುಕೊಂಡೆ. ಆಗ ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಹೆಣ್ಣು ಮಗು ಹುಟ್ಟಿತು. ಆರನೆಯ ದಿನ ಮಕ್ಕಳನ್ನು ಕಾಯುವ ಷಷ್ಠಿದೇವಿಯ ಪೂಜೆಯಾಯಿತು. ಏಳನೆಯ ದಿನ ಮಗುವಿನ ದವಡೆ ಕಚ್ಚಿಕೊಂಡಿತು, ಮೊಲೆ ಹಿಡಿಯಲಿಲ್ಲ. ಮೈ ಬಿಲ್ಲಿನಂತೆ ಬಾಗಿತು. ಒಂಬತ್ತನೆಯ ದಿನ ಬೆಳಿಗ್ಗೆ ಹೋಯಿತು. ಹೆಸರು ಇನ್ನೂ ಇಟ್ಟಿರಲಿಲ್ಲ. ಸೂಲಗಿತ್ತಿ ಹೊಕ್ಕುಳು ಕೊಯ್ದ ಬಿದಿರ ಸೀಳಿನಿಂದ ಬಂದ ಧನುರ್ವಾಯು ಅದು ಎಂದು ಬಹಳ ವರ್ಷಗಳ ಮೇಲೆ ಒಬ್ಬ ನರ್ಸ್ ಹೇಳಿದಳು. ಆ ದಿನ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಅತ್ತೆ ಒಗೆದ ಕೌದಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಅಚ್ಚಿನ ಸೀರೆಯ ಒಳಗೆ ಬೆಳ್ಳಗೆ ಏನೋ ಕಂಡಿತು. ಅಡಕತ್ತರಿಯಿಂದ ಒಂದು ಮೂಲೆ ಸೀಳಿದರು. ಒಳಗೆ ಬಿಳಿ ಸೀರೆಯ ಐದು ಮಡಿಕೆ. ಅಂಚಿಲ್ಲ. ಅವರು ಕೂಗಾಡಲಿಲ್ಲ, ನನ್ನ ಮಡಿಲಿಗೆ ಹಾಕಿ "ಥಾನ್" ಎಂದರು, ಅಷ್ಟೇ.

ಹನ್ನೊಂದು ದಿನದ ಬಾಣಂತಿ ನಾನು ಎತ್ತಿನ ಗಾಡಿ ಹತ್ತಿ ತವರಿಗೆ ಹೋದೆ. ಪಿಶಿ ಜಗುಲಿಯಲ್ಲಿ ಕಾಲು ಚಾಚಿಕೊಂಡು ಯಾರದೋ ಹಸಿರು ಅಂಚನ್ನು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಹೋದಳು. ಕೌದಿಯನ್ನು ಅವಳ ಕಾಲ ಬಳಿ ಎಸೆದೆ.

"ನಿನ್ನ ಗಂಡನ್ನ ತಿಂದಿದ್ದು ಸಾಲ್ಲಿಲ್ವಾ? ನಿನ್ನ ಸೀರೆ ನನ್ನ ಮಗೂನೂ ತಿಂತು."

ಅಂದವಳು ನಾನು. ಬೇರೆ ಯಾರೂ ಅಲ್ಲ. ಪಿಶಿ ಕೌದಿಯನ್ನು ಎತ್ತಿ ಧೂಳು ಕೊಡವಿದಳು, ಸೀಳಿದ ಮೂಲೆಯನ್ನು ನೋಡಿದಳು. "ಮೋಡ ಕಟ್ತಿದೆ. ಹಸಿ ಬಾಣಂತಿ ನೀನು, ನೆನೀಬೇಡ, ಹೊರಡು" ಅಂದಳು.

ಹನ್ನೊಂದು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಸಿಟ್ಟಿಗೆ ಅದೂ ಒಂದು ಸೌದೆಯಾಯಿತು. ನರ್ಸ್ ಹೇಳಿದ ಮೇಲೆ ಸಿಟ್ಟು ಆರಿತು, ಆದರೆ ನಾಚಿಕೆ ಸಿಟ್ಟಿಗಿಂತ ಬಿಗಿಯಾದ ಬೀಗ. ಕೊನೆಗೆ ತವರಿನಿಂದ ಅಣ್ಣನ ಹೆಂಡತಿ ಹೇಳಿ ಕಳಿಸಿದಳು, ಪಿಶಿ ಹಾಸಿಗೆ ಹಿಡಿದಿದ್ದಾಳೆ, ಇನ್ನು ನಾಲ್ಕೈದು ದಿನ ಅಂತ.

ಹೋದೆ. ಕೋಣೆಯ ಬಾಗಿಲಲ್ಲಿ ನಿಂತೆ. ಹಕ್ಕಿಮರಿಯಷ್ಟಾಗಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಅವಳು ನನ್ನ ಸೀರೆಯ ನೇರಳೆ ಅಂಚನ್ನು ನೋಡಿ, "ಇದು ಯಾವಾಗ ಹರಿಯುತ್ತೆ?" ಎಂದಳು. ನಾನು ಅಳುತ್ತ ಕುಕ್ಕರಿಸಿದೆ.

ಸ್ವಲ್ಪ ಹೊತ್ತಿಗೆ ತಲೆದಿಂಬಿನ ಕೆಳಗಿನಿಂದ ಅದೇ ಕೌದಿಯನ್ನು ಎಳೆದು ಕೊಟ್ಟಳು. ಅತ್ತೆ ಸೀಳಿದ ಮೂಲೆಯನ್ನು ಅವಳೇ ಹೊಲಿದಿದ್ದಳು, ಇಲಿ ಮತ್ತೆ ಕಡಿದಿತ್ತು. ಬಂದವಳು ಸುಮ್ಮನೆ ಕೂರಬೇಡ, ನಾಲ್ಕು ಹೊಲಿಗೆ ಹಾಕು ಅಂದಳು. ಇಲಿ ಕಡಿದದ್ದು ಒಳಗೆ ಎಲ್ಲಿಯವರೆಗೆ ಹೋಗಿದೆಯೋ ನೋಡೋಣವೆಂದು ಕೈ ಹಾಕಿ ಮಡಿಕೆ ಬಿಡಿಸಿದೆ.

ಮೂರನೆಯ ಮಡಿಕೆಯಲ್ಲಿ ನೀಲಿ ನೂಲಿನ ಕಾಗೆಯ ಕಾಲು ಇತ್ತು.

ಅಮ್ಮನ ಸೀರೆ. ಪಿಶಿ ಅದರ ಕೆಂಪಂಚನ್ನು ಎರಡೂ ಕಡೆ ಕತ್ತರಿಸಿ ತೆಗೆದಿದ್ದಳು. ಅಂಚು ತೆಗೆದ ಮೇಲೆ ಮುತ್ತೈದೆಯ ಸೀರೆಗೂ ವಿಧವೆಯ ಥಾನ್‌ಗೂ ಯಾವ ವ್ಯತ್ಯಾಸ? ಆ ಅಂಚಿನ ಕೆಂಪೇ ಕಮಲವಾಗಿ, ಮೀನಾಗಿ ಮೇಲೆಲ್ಲ ಕೂತಿತ್ತು. ಆ ಕೆಂಪು ಎಲ್ಲಿಂದ ಬಂತೆಂದು ಅತ್ತೆ ಕೇಳದಿದ್ದರೆ ಹೋಗಲಿ. ಅವಳ ಪಕ್ಕದಲ್ಲೇ ಕೂತು ನೂಲು ಬಿಡಿಸುತ್ತ ಬೆಳೆದ ನಾನು ಕೇಳಬೇಡವೇ?

"ಯಾಕೆ ಹೇಳಲಿಲ್ಲ ಪಿಶಿ?" ಎಂದೆ.

"ನಂದಲ್ಲ ಅಂದಿದ್ರೆ, ಮತ್ತೆ ಯಾರ ಸೀರೆ ಅಂತಿದ್ದೆ. ನಿಮ್ಮಮ್ಮಂದು ಅನ್ನಬೇಕಾಗ್ತಿತ್ತು. ಆ ದಿನ ನಿನಗೆ ಯಾರನ್ನಾದ್ರೂ ಬೈಲೇಬೇಕಿತ್ತು ಕಣೇ. ಸತ್ತ ತಾಯೀನ ಬೈತಿದ್ದೆಯಾ?" ಉಸಿರು ಎಳೆದುಕೊಂಡಳು. "ನಾನಾದ್ರೆ ಬದುಕಿದ್ದೆ. ಬೈಸ್ಕೊಂಡು ಅಭ್ಯಾಸಾನೂ ಇತ್ತು."

ಕ್ಷಮಿಸು ಎಂದು ಎಷ್ಟು ಸಲ ಹೇಳಿದೆನೋ. ಅವಳು ಮಾತ್ರ, ಹೊಲಿಗೆ ಉದ್ದವಾಗುತ್ತಿದೆ, ಚಿಕ್ಕದಾಗಿ ಹಾಕು ಅಂದಳು. ಕೇಳಿದ್ದನ್ನು ಕೊಡುವವಳಲ್ಲ ಅವಳು, ಬೇಕಾದದ್ದನ್ನು ಕೊಡುವವಳು. ನನಗೆ ಬೇಕಾಗಿದ್ದದ್ದು ಹನ್ನೊಂದು ವರ್ಷ. ಅದು ಅವಳ ಬಳಿಯೂ ಇರಲಿಲ್ಲ.

ಮೂರನೆಯ ದಿನ ಮಂಡಕ್ಕಿ ನೆನೆಸಿದ ನೀರನ್ನು ಎರಡು ಚಮಚ ಕುಡಿದು, ಬೆಳಗಾಗುತ್ತಲೇ ಹೋದಳು. ಅಣ್ಣ ಹೊಸ ಥಾನ್ ತರಲು ಪೇಟೆಗೆ ಹೊರಟ. ಬೇಡ, ನನ್ನ ಹತ್ತಿರ ಇದೆ ಎಂದೆ. ಜಗುಲಿಯಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲೇ ಕೂತು ಕೌದಿಯ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಹೆಬ್ಬೆರಳಿಗೆ ತುದಿ ಸಿಕ್ಕಿಸಿಕೊಂಡು, ಒಂದೊಂದೇ ಎಳೆಯನ್ನು ಸೀಸದಕಡ್ಡಿಯ ತುಂಡಿಗೆ ಸುತ್ತಿದೆ. ಕಮಲ ಹೋಯಿತು, ಮೀನುಗಳು ಹೋದವು. ಐದು ಮಡಿಕೆ ಬಿಚ್ಚಿ ಕೊಡವಿದಾಗ ಸೀರೆ ಜಗುಲಿಯ ಉದ್ದಕ್ಕೂ ಬಂತು, ಮೈತುಂಬ ಸೂಜಿಯ ತೂತು.

ಅತ್ತಿಗೆಗೆ ಸಮಾಧಾನವಾಗಲಿಲ್ಲ. "ಹಳೇ ಥಾನ್ ಯಾಕೆ? ಜನ ಏನಂತಾರೆ?"

"ಹೊಸದು ಅವಳಿಗೆ ಚುಚ್ಚುತ್ತೆ" ಎಂದೆ.

ನಾನೇ ಉಡಿಸಿದೆ. ಕಾಗೆಯ ಕಾಲು ಎದೆಯ ಮೇಲೆ, ಒಳಮಗ್ಗುಲಿಗೆ ಬರುವಂತೆ ಸುತ್ತಿದೆ. ಪುರೋಹಿತರು ಬಂದು ನೋಡಿದರು, ನೆರೆಯವರು ನೋಡಿದರು. ವಿಧವೆ, ಬಿಳಿ ಸೀರೆ, ಅಂಚಿಲ್ಲ. ಎಲ್ಲ ಸರಿಯಾಗಿದೆ ಎಂದು ಎತ್ತಿದರು. ಬಾಳಿನ ಮುಕ್ಕಾಲು ಪಾಲನ್ನು ಥಾನ್‌ನಲ್ಲಿ ಕಳೆದವಳು ಮುತ್ತೈದೆಯ ಸೀರೆ ಉಟ್ಟು ಹೊರಟಿದ್ದಾಳೆಂದು ಅಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಈ ಸಲ ನಾನು ಬಾಯಿ ಬಿಡಲಿಲ್ಲ.