ನಾಲ್ಕನೇ ದೃಶ್ಯದ ತುತ್ತು

ಸೃಷ್ಟಿ ‘ಅಂಗಳ’ ಯುವರಂಗಕ್ಕೆ ಸೇರಿದ್ದು ಬಿ.ಎ. ಎರಡನೇ ವರ್ಷದಲ್ಲಿ. ಕಾಲೇಜಿನಲ್ಲಿ ಅವಳು ಮಾಡಿದ ಏಕಪಾತ್ರವನ್ನು ನೋಡಿದ ಕುಮಾರಸ್ವಾಮಿ ಸರ್ ಅವಳನ್ನು ಪಕ್ಕಕ್ಕೆ ಕರೆದು, “ಛಲೋ ದನಿ ಐತಿ ನಿಂದು. ಗೋಪನಕೊಪ್ಪಕ್ಕ ಬಾ, ದಿನಾ ಸಂಜಿಕೆ ತಾಲೀಮು ಇರ್ತೈತಿ” ಎಂದಿದ್ದರು. ತಂಡ ಕಟ್ಟಿದವರೂ ನಾಟಕ ಬರೆಯುವವರೂ ಆಡಿಸುವವರೂ ಅವರೇ. ಕಾಲೇಜು ಹುಡುಗ ಹುಡುಗಿಯರೆಲ್ಲ ಅವರ ಮಾತಿಗೆ ಕಿವಿಯಾಗಿ ಕೂರುತ್ತಿದ್ದರು.

ಸೃಷ್ಟಿಯ ಮನೆ ತಾರಿಹಾಳದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿತ್ತು. ಅವಳ ತಾಯಿ ಫಕೀರವ್ವ ಪ್ಯಾಟಿಯಲ್ಲಿ ಒಣಮೀನು ಮಾರುತ್ತಿದ್ದಳು. ಮನೆಯ ಗೋಡೆ, ಕೌದಿ, ಗೂಟಕ್ಕೆ ನೇತುಹಾಕಿದ ಕಾಲೇಜಿನ ಚೀಲ ಎಲ್ಲಕ್ಕೂ ಆ ವಾಸನೆ ಅಂಟಿಕೊಂಡಿತ್ತು. ಸಾಲಿಯಲ್ಲಿದ್ದಾಗಿನಿಂದಲೂ ಬೆಂಚಿನಲ್ಲಿ ಅವಳ ಪಕ್ಕಕ್ಕೆ ಕೂತವರು ಒಂದಿಷ್ಟು ಸರಿದು ಕೂರುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅಂಗಳದಲ್ಲಿ ಯಾರೂ ಸರಿಯಲಿಲ್ಲ. ತಾಲೀಮಿನ ಮೊದಲ ದಿನವೇ ಎಲ್ಲರೂ ಬೆನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಹಾಡಿದರು. ಅವಳ ಬೆನ್ನಿಗೆ ತಾಗಿದ್ದ ಬೆನ್ನು ಭಾಗ್ಯಶ್ರೀಯದು. ಹಾಡು ಮುಗಿದ ಮೇಲೂ ಭಾಗ್ಯಶ್ರೀ ಹಾಗೆಯೇ ಒರಗಿಕೊಂಡು, “ನಿನ್ನ ಬೆನ್ನ ಬೆಚ್ಚಗೈತಿ, ಏಳಬ್ಯಾಡ” ಎಂದು ನಕ್ಕಿದ್ದಳು. ಆ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಸೃಷ್ಟಿ ಅದನ್ನೇ ನೆನೆನೆನೆದು ಒಬ್ಬಳೇ ನಕ್ಕಳು.

ಭಾಗ್ಯಶ್ರೀಯ ತಂದೆಗೆ ಎಪಿಎಂಸಿಯಲ್ಲಿ ಹತ್ತಿಯ ದಲಾಲಿ ಅಂಗಡಿ ಇತ್ತು. ಅವಳಿಗೆ ಬಿಗುಮಾನವಿರಲಿಲ್ಲ. ತಾಲೀಮು ಮುಗಿದ ಮೇಲೆ ಸೃಷ್ಟಿಯನ್ನು ತನ್ನ ಸ್ಕೂಟಿಯ ಮೇಲೆ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಬಿಡುತ್ತಿದ್ದಳು. ದಾರಿಯುದ್ದಕ್ಕೂ ಇಬ್ಬರೂ ನಾಟಕದ ಮಾತು ಒಪ್ಪಿಸುತ್ತ, ತಪ್ಪಿದಾಗ ಒಬ್ಬರಿಗೊಬ್ಬರು ಬಯ್ಯುತ್ತ ಹೋಗುತ್ತಿದ್ದರು.

ಆ ವರ್ಷದ ನಾಟಕ ‘ಹೊಳಿ ಬಂತು’. ಊರಿಗೆ ನೆರೆ ಬಂದು, ದೊಡ್ಡ ಮನೆಯ ಗೌಡ್ತಿ ಎಲ್ಲವನ್ನೂ ಕಳೆದುಕೊಂಡು, ಊರಿನವರೆಲ್ಲ ತುಂಬಿದ ಗಂಜಿ ಕೇಂದ್ರದಲ್ಲಿ ಬಂದು ಬೀಳುತ್ತಾಳೆ. ಯಾರು ಏನು ಕೊಟ್ಟರೂ ಮುಟ್ಟುವುದಿಲ್ಲ. ನಾಲ್ಕನೇ ದೃಶ್ಯದಲ್ಲಿ, ಆಕೆ ಒಮ್ಮೆ ತನ್ನ ಅಂಗಳಕ್ಕೂ ಬಿಟ್ಟುಕೊಳ್ಳದಿದ್ದ ಹೊನ್ನಿ ಎಂಬ ಕೂಲಿ ಹೆಂಗಸು ರೊಟ್ಟಿ ಮುರಿದು ಪುಂಡಿಪಲ್ಲೆ ಹಚ್ಚಿ ತನ್ನ ಕೈಯಾರೆ ಆಕೆಯ ಬಾಯಿಗಿಡುತ್ತಾಳೆ. ಗೌಡ್ತಿ ಬಾಯಿ ತೆರೆಯುತ್ತಾಳೆ. ಹೊನ್ನಿ ಪ್ರೇಕ್ಷಕರ ಕಡೆ ತಿರುಗಿ, “ಹಸಿವಿಗೆ ಮನಿತನ ಇಲ್ಲವ್ವ” ಎನ್ನುತ್ತಾಳೆ. ಬೆಳಕು ನಿಧಾನಕ್ಕೆ ಆರುತ್ತದೆ. ಹೊನ್ನಿ ಸೃಷ್ಟಿ, ಗೌಡ್ತಿ ಭಾಗ್ಯಶ್ರೀ. ಕುಮಾರಸ್ವಾಮಿ ಸರ್ ರೊಟ್ಟಿ ಪಲ್ಲೆ ಖರೇ ಇರಬೇಕೆಂದು ಹಟ ಹಿಡಿದಿದ್ದರು. ಸೃಷ್ಟಿ, “ನಮ್ಮವ್ವನ ಕಡೆ ರೊಟ್ಟಿ ಬಡಿಸ್ಕೊಂಡ ಬರ್ತೇನ್ರಿ ಸರ್” ಎಂದಾಗ ಅವರು, “ಬ್ಯಾಡ ಬ್ಯಾಡ, ಅವರಿಗ್ಯಾಕ ತ್ರಾಸು, ಖಾನಾವಳಿಯಿಂದ ತರಿಸೋಣ” ಎಂದರು. ಎಷ್ಟು ಕಾಳಜಿ ಇವರಿಗೆ ಎಂದುಕೊಂಡಿದ್ದಳು ಸೃಷ್ಟಿ.

ಮೊದಲ ಎರಡು ಪ್ರದರ್ಶನಗಳಲ್ಲೂ ಜನ ಸರಿಯಾಗಿ ಆ ತುತ್ತಿಗೇ ಚಪ್ಪಾಳೆ ತಟ್ಟಿದರು. ಮೂರನೆಯದು ಲಕಮನಹಳ್ಳಿಯ ಒಂದು ಸಭಾಭವನದಲ್ಲಿ. ಪ್ರತಿ ಸಲ ಬೆಳಕು ಆರಿದೊಡನೆ ಸೃಷ್ಟಿ ಎಡಕ್ಕೆ, ಭಾಗ್ಯಶ್ರೀ ಬಲಕ್ಕೆ ಹೋಗುತ್ತಿದ್ದರು. ಅವತ್ತು ಎಡಗಡೆ ಪರದೆಯ ಹಿಂದೆ ಲೈಟಿನ ವೈರುಗಳನ್ನು ಹರವಿದ್ದರಿಂದ ಸೃಷ್ಟಿ ಕತ್ತಲಲ್ಲಿ ತಡವರಿಸಿ ಭಾಗ್ಯಶ್ರೀಯ ಹಿಂದೆಯೇ ಬಲಕ್ಕೆ ನಡೆದಳು.

ಪರದೆಯ ಹಿಂದೆ ತಂಡದ ಇನ್ನೊಬ್ಬ ಹುಡುಗಿ ಧನಶ್ರೀ ಮೊಬೈಲ್ ಬೆಳಕು ಹಿಡಿದು, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಕಾಲ ಬಳಿ ಒಂದು ಪ್ಲಾಸ್ಟಿಕ್ ಬಕೆಟ್ಟು. ಭಾಗ್ಯಶ್ರೀ ಉಬ್ಬಿದ ಕೆನ್ನೆಯೊಡನೆ ಬಗ್ಗಿ ಬಾಯಲ್ಲಿದ್ದುದನ್ನು ಅದರೊಳಗೆ ಉಗುಳಿದಳು. ನೀರು ತೆಗೆದುಕೊಂಡು ಮುಕ್ಕಳಿಸಿದಳು, ಉಗುಳಿದಳು, ಮತ್ತೆ ಮುಕ್ಕಳಿಸಿದಳು. ಬೆರಳು ಹಾಕಿ ದವಡೆಯ ಹಿಂದೆ ಸಿಕ್ಕಿಕೊಂಡಿದ್ದ ಪುಂಡಿಯ ಎಲೆಯೊಂದನ್ನು ಕಿತ್ತು ಬಕೆಟ್ಟಿಗೆ ಕೊಡವಿದಳು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. “ಲಗೂ ಲಗೂ, ಐದನೇದ್ದು ಚಾಲೂ ಆಗತೈತಿ” ಎಂದಳು ಧನಶ್ರೀ.

ಆಗ ಇಬ್ಬರಿಗೂ ಸೃಷ್ಟಿ ಕಂಡಳು.

ಬಕೆಟ್ಟಿನ ತಳದ ನೀರಲ್ಲಿ ಅಗಿಯದ ರೊಟ್ಟಿಯ ಮುದ್ದೆ ಜೊಲ್ಲಿನ ಎಳೆಗಳೊಡನೆ ತೇಲುತ್ತಿತ್ತು. ಅದರ ಮೇಲೆ ತನ್ನ ಬೆರಳುಗಳ ಒತ್ತು ಇನ್ನೂ ಇದ್ದಂತೆ ಸೃಷ್ಟಿಗೆ ಕಂಡಿತು. ಭಾಗ್ಯಶ್ರೀ ಸೆರಗಿನಿಂದ ಬಾಯಿ ಒರೆಸಿಕೊಂಡು, “ಹಲ್ಲ ನೋಯಾಕತ್ತೈತಿ, ಅದಕ…” ಎಂದಳು. ಉತ್ತರ ಕೊಡಲು ಹೊತ್ತಿರಲಿಲ್ಲ. ಐದನೇ ದೃಶ್ಯದಲ್ಲಿ ಇಬ್ಬರೂ ತಬ್ಬಿಕೊಂಡು ಅಳಬೇಕಿತ್ತು, ತಬ್ಬಿಕೊಂಡು ಅತ್ತರು. ಭಾಗ್ಯಶ್ರೀಯ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ಅದನ್ನೂ ಹಾಕಿಕೊಂಡು ಬಂದಿದ್ದಳು.

ನಾಟಕ ಮುಗಿದ ಮೇಲೆ ಸೃಷ್ಟಿ ಧನಶ್ರೀಯ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದಳು.

“ಮೊದಲಿಂದನೂ ಹಿಂಗನ?”

ಧನಶ್ರೀ ಅತ್ತಿತ್ತ ನೋಡಿದಳು. “ಹೂಂ. ಮೊದಲನೇ ಶೋದಿಂದ.”

“ಮತ್ಯಾರಿಗೆ ಗೊತ್ತೈತಿ?”

“ಎಲ್ಲಾರಿಗೂ ಗೊತ್ತೈತಿ. ನಿನಗಷ್ಟ ಹೇಳಬ್ಯಾಡ್ರಿ ಅಂದಿದ್ರು ಸರ್. ನಿನಗ ಬ್ಯಾಸರ ಆಗಬಾರದು ಅಂತ.”

ಎಲ್ಲರಿಗೂ ಗೊತ್ತಿತ್ತು. ಹಲಗೆ ಬಾರಿಸುವವನಿಗೆ, ಬಣ್ಣ ಹಚ್ಚುವವಳಿಗೆ, ಬೆಳಕು ಆರಿಸುವವನಿಗೆ, ಎಲ್ಲರಿಗೂ. ಬಕೆಟ್ಟನ್ನು ಯಾರೋ ತಂದಿಟ್ಟಿದ್ದರು, ಯಾರೋ ಚೆಲ್ಲಿ ತೊಳೆದಿದ್ದರು. ಅದೇ ಬಾಯಲ್ಲಿ ಅವರು ಅವಳನ್ನು ‘ನಮ್ಮ ಹೊನ್ನಿ’ ಎಂದು ಕರೆಯುತ್ತಿದ್ದರು.

ಮರುದಿನ ತಾಲೀಮಿಗೆ ಮೊದಲೇ ಹೋದಳು. ಕುಮಾರಸ್ವಾಮಿ ಸರ್ ಚಹಾ ಕುಡಿಯುತ್ತ ಕೂತಿದ್ದರು. ಅವಳು ಕೇಳಿದ್ದಕ್ಕೆ ಅವರಿಗೆ ಗಾಬರಿಯೇನೂ ಆಗಲಿಲ್ಲ.

“ನೋಡವಾ, ರಂಗದ ಮ್ಯಾಲೆ ಆಕಿ ತುತ್ತು ತಗೊಂಡ್ಲೋ ಇಲ್ಲೋ? ಅಲ್ಲಿಗೆ ಮುಗೀತು. ಜನರಿಗೆ ಕಾಣೂದಷ್ಟ ನಾಟಕ. ನಾಟಕದಾಗ ಸಾಯಾಂವ ಖರೇನ ಸಾಯ್ತಾನೇನು?”

“ಸಾಯೂದು ಬ್ಯಾರೆ ರೀ ಸರ್. ರೊಟ್ಟಿ ಖಾನಾವಳೀದು, ಪಲ್ಲೆ ಖಾನಾವಳೀದು. ಕೈ ಅಷ್ಟ ನಂದು.”

“ಆಕಿ ಮನ್ಯಾಗ ತತ್ತಿ ಸುದ್ದಾ ತರಂಗಿಲ್ಲ. ವಾಕರಿಕಿ ಬರ್ತೈತಂತ. ಪಾಪ, ಆಕೀನೂ ಎಷ್ಟ ಕಷ್ಟಪಟ್ಟು ಬಾಯಾಗ ಇಟ್ಕೋತಾಳ, ಅದನ್ನೂ ವಿಚಾರ ಮಾಡು. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು. ತಂಡ ಅಂದ್ರ ಒಂದ ಮನಿ ಇದ್ದಂಗ.”

ಅವರ ಮೀಸೆಯ ತುದಿಗೆ ಚಹಾದ ಕೆನೆ ಹತ್ತಿತ್ತು. ಅದನ್ನು ನಾಲಿಗೆಯಿಂದ ಸವರಿಕೊಂಡು ಅವರು, “ಮುಂದಿನ ವಾರ ಧಾರವಾಡದಾಗ ಸ್ಪರ್ಧಾ ಐತಿ. ಇಂಥಾದ್ದೆಲ್ಲಾ ತಲ್ಯಾಗ ಇಟ್ಕೋಬ್ಯಾಡ” ಎಂದರು. ಸೃಷ್ಟಿ ಮುಖ ತಿರುಗಿಸಿದಳು.

ಸಂಜೆ ಭಾಗ್ಯಶ್ರೀ ಸ್ಕೂಟಿ ಚಾಲೂ ಮಾಡಿ ಅವಳಿಗಾಗಿ ಗೇಟಿನ ಬಳಿ ಕಾಯುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

“ನಿನ್ನ ಮ್ಯಾಲೆ ನನಗೇನೂ ಇಲ್ಲ ಸೃಷ್ಟಿ, ದೇವರಾಣಿ. ಬಾಯಿ ತಾನಾಗೇ ಒಲ್ಲೆ ಅಂತೈತಿ. ನಿನ್ನ ಬಟ್ಟು ತುಟಿಗೆ ಹತ್ತಿದ ಕೂಡ್ಲೆ ಆ ಮೀನಿನ ಬುಟ್ಟಿ ಕಣ್ಣಿಗೆ ಬರ್ತೈತಿ. ನಾ ಏನ ಮಾಡ್ಲಿ ಹೇಳು?”

“ನಮ್ಮವ್ವನ ಬುಟ್ಟಿ ನೀ ಎಲ್ಲಿ ನೋಡಿದಿ?”

“ನೋಡಿಲ್ಲ” ಎಂದಳು ಭಾಗ್ಯಶ್ರೀ, ಸಣ್ಣ ದನಿಯಲ್ಲಿ.

ಸುಳ್ಳು ಹೇಳಿದ್ದರೆ ಸೃಷ್ಟಿ ಬಯ್ದು ಹಗುರಾಗುತ್ತಿದ್ದಳೇನೋ. ಆದರೆ ಭಾಗ್ಯಶ್ರೀ ಖರೇ ಹೇಳುತ್ತಿದ್ದಳು. ಸೃಷ್ಟಿ ಸ್ಕೂಟಿ ಹತ್ತದೆ ನಡೆದುಕೊಂಡೇ ನಿಲ್ದಾಣಕ್ಕೆ ಹೋದಳು. ಬಸ್ಸಿನಲ್ಲಿ ಕೂತು ತನಗೇ ಗೊತ್ತಿಲ್ಲದೆ ತನ್ನ ಬೆರಳುಗಳನ್ನು ಮೂಗಿಗೆ ಹಿಡಿದಿದ್ದಳು. ಮನೆಯಲ್ಲಿ ನಿಂಬೆಹಣ್ಣಿನ ಹೋಳು ತೆಗೆದುಕೊಂಡು ಉಗುರಿನ ಸಂದಿಯೆಲ್ಲ ತಿಕ್ಕಿದಳು. ತಿಕ್ಕುತ್ತಿರುವುದು ಅರಿವಾದಾಗ ಹೋಳನ್ನು ಬಚ್ಚಲಿಗೆ ಎಸೆದು ತನ್ನ ಮೇಲೆಯೇ ಸಿಟ್ಟಾದಳು.

ಬಿಟ್ಟುಬಿಡಬೇಕು ಎಂದು ಆ ವಾರ ಎಷ್ಟೋ ಸಲ ಅನ್ನಿಸಿತು. ಆದರೂ ದಿನವೂ ತಾಲೀಮಿಗೆ ಹೋದಳು. ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂರುವ ವ್ಯಾಯಾಮದಲ್ಲಿ ಈಗ ಅವಳೇ ಒಂದಿಷ್ಟು ಮುಂದೆ ಬಗ್ಗಿ ಕೂರುತ್ತಿದ್ದಳು. ಯಾರಿಗೂ ತಿಳಿಯಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದರು.

ಧಾರವಾಡದ ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ನಾಲ್ಕನೇ ದೃಶ್ಯಕ್ಕೆ ಹೋಗುವ ಮುಂಚೆ ಸೃಷ್ಟಿ ಬಲಗಡೆಯ ಪರದೆಯತ್ತ ನೋಡಿದಳು. ಧನಶ್ರೀ ತಂಬಿಗೆಯೊಡನೆ ತಯಾರಾಗಿ ನಿಂತಿದ್ದಳು. ಸೃಷ್ಟಿ ನೋಡಿದ್ದು ಕಂಡು ತಂಬಿಗೆಯನ್ನು ಬೆನ್ನ ಹಿಂದೆ ಹಿಡಿದಳು.

ಸೃಷ್ಟಿ ರಂಗದ ಮೇಲೆ ರೊಟ್ಟಿ ಮುರಿದಳು, ಪಲ್ಲೆ ಹಚ್ಚಿದಳು. ಭಾಗ್ಯಶ್ರೀ ಕಲಿತಂತೆಯೇ ಮೊದಲು ಮುಖ ತಿರುಗಿಸಿ, ಆಮೇಲೆ ನಿಧಾನಕ್ಕೆ ಬಾಯಿ ತೆರೆದಳು. ತುತ್ತು ಒಳಗೆ ಹೋಯಿತು. ಈಗ ಸೃಷ್ಟಿ ಜನರ ಕಡೆ ತಿರುಗಿ ಮಾತು ಹೇಳಬೇಕು. ಅವಳು ತಿರುಗಲಿಲ್ಲ. ಗೌಡ್ತಿಯ ಎದುರು ಕುಕ್ಕರುಗಾಲಲ್ಲಿ ಕೂತು ಆಕೆಯ ಗದ್ದವನ್ನು ಅಂಗೈಯಲ್ಲಿ ಹಿಡಿದಳು.

“ನುಂಗ್ರಿ ಗೌಡ್ತಿ” ಎಂದಳು. “ನೀವು ನುಂಗೂತನಕ ನಾ ಏಳಂಗಿಲ್ಲ.”

ಆ ಮಾತು ನಾಟಕದಲ್ಲಿರಲಿಲ್ಲ. ಕೊನೆಯ ಮಾತು ಬಾರದೆ ಬೆಳಕಿನವನು ಬೆಳಕು ಆರಿಸುವಂತಿರಲಿಲ್ಲ. ಭಾಗ್ಯಶ್ರೀಯ ಕಣ್ಣುಗಳು ಪರದೆಯ ಕಡೆಗೊಮ್ಮೆ ಹೋಗಿ ಮರಳಿದವು. ಮೂಗಿನ ಹೊಳ್ಳೆಗಳು ಅರಳಿದವು, ಗಂಟಲು ಮೇಲೆ ಬಂದು ನಿಂತಿತು, ತುಟಿಯ ಅಂಚಿನಿಂದ ಹಸಿರು ಬೆರೆತ ಜೊಲ್ಲು ಇಳಿದು ಸೃಷ್ಟಿಯ ಹೆಬ್ಬೆರಳಿಗೆ ತಾಗಿತು. ಬೆಚ್ಚಗೆ, ಜಿಗಿಜಿಗಿಯಾಗಿ. ಆ ಕಣ್ಣುಗಳು ‘ಬಿಡು’ ಎಂದು ಬೇಡುತ್ತಿದ್ದವು. ಸೃಷ್ಟಿ ಬಿಡಲಿಲ್ಲ. ಭಾಗ್ಯಶ್ರೀಯ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಮೈಯೆಲ್ಲ ನಡುಗಿ, ಒಮ್ಮೆ ಉಬ್ಬಳಿಸಿ, ಕೊನೆಗೆ ಅವಳು ನುಂಗಿದಳು. ತುತ್ತು ಇಳಿದದ್ದು ಸೃಷ್ಟಿಯ ಅಂಗೈಗೆ ತಿಳಿಯಿತು.

ಗೆದ್ದಂತಾಗುತ್ತದೆ ಎಂದುಕೊಂಡಿದ್ದಳು. ಆದರೆ ಅವಳಿಗೇ ವಾಕರಿಕೆ ಬಂತು. ಕೈ ತೆಗೆದು ಸೀರೆಗೆ ಒರೆಸಿಕೊಂಡು, ಹೇಗೋ ಮಾಡಿ ಆ ಕೊನೆಯ ಮಾತು ಹೇಳಿದಳು. ಬೆಳಕು ಆರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅತ್ಯುತ್ತಮ ನಟಿ ಬಹುಮಾನ ಭಾಗ್ಯಶ್ರೀಗೆ ಬಂತು. ತೀರ್ಪುಗಾರರೊಬ್ಬರು ಮೈಕಿನಲ್ಲಿ, ಆ ತುತ್ತನ್ನು ನುಂಗುವಾಗ ಗೌಡ್ತಿಯ ಕಣ್ಣಲ್ಲಿ ಕಂಡ ಪಶ್ಚಾತ್ತಾಪವನ್ನು ತಾವು ಇಷ್ಟು ವರ್ಷಗಳಲ್ಲಿ ಯಾವ ನಟಿಯಲ್ಲೂ ಕಂಡಿಲ್ಲ ಎಂದರು. ಸೃಷ್ಟಿಯನ್ನು ಯಾರೂ ಬಯ್ಯಲಿಲ್ಲ. ಕುಮಾರಸ್ವಾಮಿ ಸರ್ ಅವಳ ಬೆನ್ನು ತಟ್ಟಿ, “ಎಂಥಾದ್ದು ಹೊಳೀತವಾ ನಿನಗ! ಇನ್ನ ಮ್ಯಾಲೆ ಪ್ರತಿ ಶೋದಾಗ ಹಂಗ ಮಾಡ್ರಿ” ಎಂದರು. ಬೆನ್ನ ಮೇಲಿನ ಆ ಕೈಯನ್ನು ಕೊಡವಿ ಹಾಕಬೇಕೆನಿಸಿತು.

ಭಾಗ್ಯಶ್ರೀ ಬಹುಮಾನ ಹಿಡಿದುಕೊಂಡು ಬಂದಳು. ಕಾಡಿಗೆ ಕದಡಿ ಕೆನ್ನೆಗಿಳಿದಿತ್ತು.

“ಸಿಟ್ಟ ಇಳೀತಿಲ್ಲೋ? ನುಂಗೇನಿ ನೋಡು” ಎಂದು ನಕ್ಕಳು. “ಆಮ್ಯಾಲೆ ಹಿಂದ ಹೋಗಿ ಎಲ್ಲಾ ಕಕ್ಕಿದೆ ಬಿಡು.”

ಸುತ್ತ ನಿಂತವರೆಲ್ಲ ನಕ್ಕರು. ಧನಶ್ರೀಯೂ ನಕ್ಕಳು. ಯಾರೋ ಮೊಬೈಲ್ ಎತ್ತಿ ಹಿಡಿದರು, ಎಲ್ಲರೂ ಒತ್ತಿಕೊಂಡು ನಿಂತರು. ಭಾಗ್ಯಶ್ರೀ ಸೃಷ್ಟಿಯ ಹೆಗಲ ಮೇಲೆ ಕೈ ಹಾಕಿದಳು. ಪೇಢೆಯ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲ ಬಾಯಿಗಳೂ ಏಕಕಾಲಕ್ಕೆ ಅಗಿಯುತ್ತ, ಅಗಿಯುತ್ತಲೇ ಕೂಗಾಡುತ್ತಿದ್ದವು. ಹಲ್ಲುಗಳ ನಡುವಿನ ಆ ಕಂದು ಮುದ್ದೆ, ತುಟಿಗಳ ಮೇಲಿನ ಸಕ್ಕರೆ ಪುಡಿ ನೋಡಲಾಗದೆ ಸೃಷ್ಟಿ ಫೋಟೋ ಮುಗಿಯುವ ಮುನ್ನವೇ ಹೊರಗೆ ಬಂದಳು. ಬಣ್ಣ ತೊಳೆಯದ ಮುಖದಲ್ಲೇ ಬಸ್ ಹತ್ತಿದಳು.

ಬೆಳಗಾವಿಯಲ್ಲಿ ಪ್ರದರ್ಶನ ನಿಗದಿಯಾಗಿದೆ ಎಂದು ಸರ್ ಫೋನ್ ಮಾಡಿದಾಗ, “ನಾ ಬರಂಗಿಲ್ರೀ” ಎಂದಳು.

“ಯಾಕವಾ? ಎಲ್ಲಾ ಛಲೋ ನಡದೈತಿ.”

“ಹೇಸಿಕಿ ಆಗೇತ್ರೀ ಸರ್.”

ಅವರು ಇನ್ನೂ ಏನೋ ಹೇಳುತ್ತಿದ್ದಂತೆಯೇ ಫೋನ್ ಇಟ್ಟಳು. ಹೊನ್ನಿಯ ಪಾತ್ರ ಧನಶ್ರೀಗೆ ಹೋಯಿತು. ಒಂದು ದಿನ ಕಾಲೇಜಿನ ಗೇಟಿನ ಬಳಿ ಸಿಕ್ಕ ಧನಶ್ರೀ, ಕಣ್ಣು ತಪ್ಪಿಸುತ್ತಲೇ ಹೇಳಿದಳು: “ಈಗ ಬಕೆಟ್ ಇಡಂಗಿಲ್ಲ. ನನ್ನ ಕೈಲೆ ಆರಾಮ ನುಂಗತಾಳ. ಆದ್ರ ಅಳು ಬರವಲ್ದಾಗೇತಿ. ಕಣ್ಣಿಗೆ ಗ್ಲಿಸರಿನ್ ಹಚ್ಚಾಕತ್ತಾರ.” ಸೃಷ್ಟಿ ಒಳಗೆ ಹೋದಳು.

ಧಾರವಾಡದ ಆ ದೃಶ್ಯದ ತುಣುಕನ್ನು ಯಾರೋ ಮೊಬೈಲಿಗೆ ಹಾಕಿದ್ದರು. ಅದು ಎಲ್ಲೆಲ್ಲೋ ಸುತ್ತಿ ಫಕೀರವ್ವನ ಪಕ್ಕದ ಅಂಗಡಿಯವಳಿಗೂ ಬಂದಿತ್ತು. ಫಕೀರವ್ವ ಆದಿತ್ಯವಾರ ಮಧ್ಯಾಹ್ನ ಮಗಳ ಮೊಬೈಲಿನಲ್ಲಿ ಅದನ್ನು ಹಾಕಿಸಿಕೊಂಡು ನೋಡಿದಳು.

“ಎಷ್ಟ ಛಂದ ಅಳ್ತಾಳ ಹುಡುಗಿ” ಎಂದಳು. “ಕರಳ ಚುರ್ ಅಂತೈತಿ.”

ಸೃಷ್ಟಿ ಅಲ್ಲಿಯವರೆಗೆ ಮನೆಯಲ್ಲಿ ಏನೂ ಹೇಳಿರಲಿಲ್ಲ. ಈಗ ಬಕೆಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೀನಿನ ಬುಟ್ಟಿಯ ಮಾತನ್ನೂ ಬಿಡಲಿಲ್ಲ. ಫಕೀರವ್ವ ತುಣುಕನ್ನು ಇನ್ನೊಮ್ಮೆ ನೋಡಿದಳು, ಈ ಸಲ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು.

“ಖರೇನ ಹೇಸಿಗೊಂಡಾಳ” ಎಂದಳು. ಆಮೇಲೆ, “ಗೊತ್ತಿದ್ದೂ ನೀ ಯಾಕ ಉಣಿಸಿದಿ?”

“ನುಂಗಲಿ ಅಂತ.”

“ನುಂಗಿದ್ಲಲ್ಲ. ನಿನಗೇನಾತು?”

ಸೃಷ್ಟಿ ತನ್ನ ಅಂಗೈ ನೋಡಿಕೊಂಡಳು. “ಆಕಿ ಗಂಟಲ ನನ್ನ ಕೈಯಾಗ ಇತ್ತವ್ವ. ನುಂಗೂ ಮುಂದ ನನಗೂ ಹೇಸಿಕಿ ಬಂತು. ಆಕೀದೂ, ನಂದೂ.”

ಫಕೀರವ್ವ ಮೊಬೈಲನ್ನು ಮಗುಚಿ ನೆಲದ ಮೇಲಿಟ್ಟಳು. ಎದ್ದು ಹೋಗಿ ಎರಡು ತಾಟು ತಂದು ಊಟಕ್ಕೆ ಕರೆದಳು. ಸೃಷ್ಟಿ ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನಲಾಗದೆ ತಾಟು ಸರಿಸಿದಳು. “ಆಮ್ಯಾಲೆ ಉಣ್ಣು, ಬಿಡು” ಎಂದ ಫಕೀರವ್ವ ಅದರ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು.