ದಿಂಬಿನಡಿಯ ಎರಡು ಗುಂಡಿ

ಕಂಕುಳಲ್ಲಿ ಡಬ್ಬ ಇಟ್ಟುಕೊಂಡು ತಮ್ಮ ಬಂದಾಗಲೇ ಇದರಲ್ಲೇನೋ ಮಸಲತ್ತಿದೆ ಎಂದು ಅಕ್ಕನಿಗೆ ವಾಸನೆ ಬಡಿಯಿತು. ಅವನು ಕಟಿಂಗ್ ಮಾಸ್ಟರ್, ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇಬ್ಬರೂ ಸೇರಿ ಟೈಲರ್ ಅಂಗಡಿ ಹಾಕೋಣ ಎಂದು ಅವನು ದುಂಬಾಲು ಬಿದ್ದಿದ್ದ. ಇವತ್ತು ಅವಳು ಹೂಂ ಅಥವಾ ಊಹೂಂ ಅನ್ನಲೇಬೇಕಿತ್ತು. ಅಂಥ ದಿನ ಕೈಯಲ್ಲಿ ಆಟದ ಸಾಮಾನು!

"ನಮ್ಮ ಕೋಟೆ ಆಟ ಅಕ್ಕ! ಈಗ ಮನೆ ಟೀವಿಲೇ ಆಡ್ಬಹುದು."

"ಬೆಣ್ಣೆ ಹಚ್ಚೋಕೆ ಬಂದ್ಯಾ?"

ಈ ಕೋಟೆ ಆಟದಲ್ಲೇ ತಮ್ಮನ ಮೇಲಿನ ಅವಳ ನಂಬಿಕೆ ಮಣ್ಣುಪಾಲಾಗಿದ್ದು. ಚಿಕ್ಕವರಿದ್ದಾಗ ಬೀದಿ ತುದಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಇಬ್ಬರೂ ಒತ್ತಿಕೊಂಡು ನಿಂತು ಆಡುತ್ತಿದ್ದರು. ಪರದೆಯ ಗಾಜು ಒಡೆದ ಕಡೆ ಅಂಗಡಿಯವನು ರಟ್ಟು ಅಂಟಿಸಿದ್ದರಿಂದ ಯಾರಿಗೆಷ್ಟು ಜೀವ ಉಳಿದಿದೆ ಎಂಬುದು ಕಾಣುತ್ತಿರಲಿಲ್ಲ. ತಮ್ಮ ಮಾತ್ರ ಆಗಾಗ ಕರ್ಚೀಫಿನ ಮರೆಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತುತ್ತಿದ್ದ. ಮರುಗಳಿಗೆಯೇ ಪರದೆಯಲ್ಲಿ ಅವಳ ಕತ್ತಿವೀರ ಮಿನುಗುತ್ತಿದ್ದ. ಹಾಗೆ ಒತ್ತಿದರೆ ಒಬ್ಬರ ಜೀವ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಅವಳು ಕೇಳಿದ್ದಳು. ನನ್ನದೊಂದು ಜೀವ ಕದ್ದ ಎಂದು ಅವಳು ತೀರ್ಮಾನಿಸಿದ್ದಳು. ಆಟದಲ್ಲೇ ಕೈಚಳಕ ತೋರಿಸಿದವನು ಟೈಲರ್ ಅಂಗಡಿಯಲ್ಲಿ ಬಿಟ್ಟಾನೆಯೇ?

ಅದಕ್ಕೇ ಅವಳು ಆಡಲು ಒಪ್ಪಿದ್ದು ಆಟದ ಆಸೆಗಲ್ಲ, ಅವನ ಹೆಬ್ಬೆರಳು ಕಾಯಲು.

ಮುರುಕು ಸೇತುವೆ ಬಂತು. ಬಾವಲಿಗಳು ಮುತ್ತಿದವು. ಟೀವಿ ಬಿಟ್ಟು ತಮ್ಮನ ಕೈಯನ್ನೇ ನೋಡುತ್ತಿದ್ದ ಅಕ್ಕನಿಗೆ ಉಳಿದಿದ್ದು ಒಂದೇ ಜೀವ. ಆಗ ತಮ್ಮ ಮೆಲ್ಲಗೆ ದಿಂಬನ್ನು ಕೈಮೇಲೆ ಎಳೆದುಕೊಂಡ. ಅವಳ ವೀರ ಮಿನುಗಿದ.

"ಸಿಕ್ಕಿಬಿದ್ದೆ, ಕಳ್ಳ!" ಅವಳು ದಿಂಬು ಕಿತ್ತೆಸೆದು ಪರದೆ ನೋಡಿದಳು. ಇಲ್ಲಿ ರಟ್ಟಿರಲಿಲ್ಲ. ಅವಳ ಲೆಕ್ಕದಲ್ಲಿ ಒಂದು ಜೀವ ಹೆಚ್ಚಾಗಿತ್ತು, ಅವನದರಲ್ಲಿ ಒಂದು ಕಡಿಮೆಯಾಗಿತ್ತು.

ಅಕ್ಕ ತಮ್ಮನ ಕಡೆ ತಿರುಗಿದಳು. "ಆಗ್ಲೂ ಹಿಂಗೇನಾ?"

"ಹ್ಞೂಂ. ನೀನು ಸತ್ರೆ ನಾನೊಬ್ನೇ ಆಡ್ಬೇಕಿತ್ತಲ್ಲ. ಬೇಜಾರು ಕಣಕ್ಕ."

"ಮತ್ತೆ ಮುಚ್ಚಿಟ್ಟಿದ್ದು ಯಾಕೋ?"

"ಗೊತ್ತಾಗಿದ್ರೆ ತಗೋತಿದ್ಯಾ? ನಿನ್ನ ಜಂಭ ನಂಗೊತ್ತಿಲ್ವಾ?"

ಇಷ್ಟು ವರ್ಷ ಸುಮ್ಮಸುಮ್ಮನೆ ಇವನನ್ನು ಕಳ್ಳ ಅಂದುಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಅನುಮಾನದ ಚಾಳಿ ಅಷ್ಟು ಬೇಗ ಬಿಟ್ಟೀತೇ?

"ಅಂಗಡಿಲಿ ನಿನ್ನ ಎರಡೂ ಕೈ ಮೇಜಿನ ಮೇಲೆ ಕಾಣ್ತಿರ್ಬೇಕು," ಎಂದಳು.

"ಅಂದ್ರೆ ಹೂಂ ಅಂದ ಹಾಗಾ?"

ಅವಳು ಟೀವಿಯತ್ತ ಕಣ್ಣು ಹಾಯಿಸಿದಳು. ಮಾತಿನ ಗಲಾಟೆಯಲ್ಲಿ ಬಾವಲಿಗಳು ತಮ್ಮನನ್ನು ಕೊನೆಯ ಜೀವಕ್ಕೆ ತಂದು ನಿಲ್ಲಿಸಿದ್ದವು. ಅಕ್ಕ ಬಿದ್ದಿದ್ದ ದಿಂಬನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅದರಡಿಯಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು.